ತಿಳಿನೀರಿನ ತೊಟ್ಟಿ

ಆ ಬೆಳಿಗ್ಗೆ ಗಾಳಿಯೇ ಇರಲಿಲ್ಲ. ನಸುಕಿನಲ್ಲಿ ಬಂದು ಹೋದ ಗುಡುಗುಮಳೆ ಆಕಾಶವನ್ನು ಉಜ್ಜಿ ತೊಳೆದು ಒಣಗಲು ಬಿಟ್ಟಂತಿತ್ತು. ಎಲೆಯ ತುದಿಯಲ್ಲಿ ನಿಂತ ಹನಿ ಬೀಳಲೋ ಬೇಡವೋ ಎಂದು ಯೋಚಿಸುತ್ತಿತ್ತು. ಬೀದಿಗೆ ಅಡ್ಡವಾಗಿ ಒಂದು ಕೊಂಬೆ ಮುರಿದು ಬಿದ್ದಿತ್ತು, ಅದರ ಜೊತೆ ಕರೆಂಟಿನ ತಂತಿಯೂ. ಇದನ್ನೆಲ್ಲ ಅವನು ಬಾಗಿಲಲ್ಲಿ ನಿಂತು ಕಣ್ಣಿನಿಂದಲೇ ತಿಳಿದುಕೊಂಡ. ಗುಡುಗು ಅವನಿಗೆ ಕೇಳಿಸಿರಲಿಲ್ಲ. "ಸಿಡಿಲು ಹೊಡೆದ್ರೂ ಏಳಲ್ಲ ನೀವು" ಎಂದು ಹೆಂಡತಿ ಒಲೆಯ ಮುಂದಿನಿಂದ ಹೇಳಿದ್ದು ಅವಳ ತುಟಿ ನೋಡಿ ಅರ್ಥವಾಯಿತು. ಅವಳು ಹತ್ತಿರ ಬಂದು, ಬಲಗಿವಿಯ ಪಕ್ಕ ನಿಂತು, ದನಿ ಎತ್ತಿದಳು: "ನಾನು ದೇವರ ಹೆಸರು ಹೇಳ್ಕೊಂಡು ಕೂತಿದ್ದೆ, ನೀವು ಗೊರಕೆ ಹೊಡೀತಿದ್ರಿ. ಹೊರಗಿನ ಗುಡುಗು ಯಾವ್ದು, ಒಳಗಿನದು ಯಾವ್ದು ಅಂತಾನೇ ಗೊತ್ತಾಗ್ಲಿಲ್ಲ." ಅವನು ನಕ್ಕ. ನಗುವುದು ಅವನು ಬಹಳ ಹಿಂದೆ ಕಲಿತ ಉಪಾಯ. ಅರ್ಧ ಕೇಳಿದ ಮಾತಿಗೆ ಪೂರ್ತಿ ನಕ್ಕುಬಿಟ್ಟರೆ ಲೋಕ ನಮ್ಮನ್ನು ಬಿಟ್ಟು ಮುಂದೆ ಹೋಗುತ್ತದೆ. ಹೆಂಡತಿ ಮಾತ್ರ ಹೋಗುವವಳಲ್ಲ. "ಇವತ್ತು ವರದಿ ಹೋಗೋ ದಿನ ಅಲ್ವಾ? ಮೂರು ದಿನದಿಂದ ಊಟ ಸರಿಯಾಗಿ ಇಳೀತಿಲ್ಲ ನಿಮಗೆ. ಏನು ನುಂಗಿದೀರೋ ಅದನ್ನ ಮೊದಲು ಉಗುಳಿ" ಎಂದು ಲೋಟವನ್ನು ಕೈಗಿಟ್ಟು ಒಳಗೆ ಹೋದಳು.

ಮೀನುಗಳನ್ನು ಪರೀಕ್ಷಿಸುವ ಆ ಹಳೆಯ ಕಟ್ಟಡದಲ್ಲಿ ಎಲ್ಲರೂ ಅವನನ್ನು ಮೀನುಮಾವ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ ತೊಟ್ಟಿಗಳ ನೀರು ಬದಲಿಸಿ, ಗಾಜು ಉಜ್ಜಿ, ಸತ್ತದ್ದನ್ನು ಬಲೆಯಲ್ಲಿ ಎತ್ತಿ, ಬದುಕಿದ್ದಕ್ಕೆ ಕಾಳು ಹಾಕಿದವನಿಗೆ ಇನ್ನೇನು ಹೆಸರು ಬಂದೀತು? "ನಮ್ಮ ಮಾವನ ಕಿವೀನೂ ಮೀನಿನ ಕಿವಿ ಥರಾನೇ. ಇದೆಯಂತೆ, ಆದ್ರೆ ಹೊರಗಡೆಯಿಂದ ನೋಡಿದ್ರೆ ಯಾವ ಉಪಯೋಗಾನೂ ಕಾಣ್ಸಲ್ಲ" ಎಂದು ಗುಮಾಸ್ತ ಹೇಳಿದರೆ ಎಲ್ಲರಿಗಿಂತ ಮೊದಲು ನಗುವವನು ಅವನೇ. ಕಿವಿ ಸ್ವಲ್ಪ ಮಂದ ಎಂದು ಎಲ್ಲರಿಗೂ ಗೊತ್ತಿತ್ತು. ಎಷ್ಟು ಮಂದ ಎಂಬುದು ಹೆಂಡತಿಗೆ ಮಾತ್ರ. ಎಂಟನೆಯ ವಯಸ್ಸಿನಲ್ಲಿ ಎರಡೂ ಕಿವಿ ಸೋರಿ, ಒಣಗಿ, ಮತ್ತೆ ಸೋರಿ, ಒಳಗಿನ ತಮಟೆ ಹರಿದುಹೋಗಿತ್ತು. ಆಮೇಲೆ ಲೋಕವೆಂಬುದು ದಪ್ಪ ಕಂಬಳಿಯ ಆಚೆ ಮಾತಾಡುವ ನೆಂಟನಂತಾಯಿತು. ಮೀನುಗಳ ಕೆಲಸ ಸಿಕ್ಕಿದ ದಿನ ಅವನು ದೇವರಿಗೆ ಕೈ ಮುಗಿದದ್ದು ಆ ಕಾರಣಕ್ಕೇ. ಮಾತಾಡದ ಜೀವಗಳ ನಡುವೆ ತನ್ನ ಕೊರತೆ ಯಾರಿಗೂ ತಾಗುವುದಿಲ್ಲ ಎಂದುಕೊಂಡಿದ್ದ. ಇಪ್ಪತ್ತಾರು ವರ್ಷ ಹಾಗೇ ನಡೆಯಿತು ಕೂಡ. ಮುರಿದ ಕೊಂಬೆಯನ್ನು ದಾಟುವಾಗ ಮಂಡಿ ಚುಳ್ ಎಂದಿತು. ಅಲ್ಲೇ ನಿಂತ. ಈ ಮಂಡಿ! ಎಲ್ಲವೂ ಈ ಮಂಡಿಯಿಂದ ಶುರುವಾದದ್ದು ಎಂದು ಅದನ್ನು ಬೈಯಬೇಕೆನಿಸಿ, ಮರುಕ್ಷಣವೇ ನಾಚಿಕೆಯಾಯಿತು. ಮಂಡಿ ಏನು ಮಾಡಿತು ಪಾಪ? ಅದು ನೋವು ಎಂದಿತು, ಅಷ್ಟೇ. ಬಾಯಿ ಮುಚ್ಚಿಕೊಂಡವನು ತಾನು.

ತೊಟ್ಟಿಮನೆಯಲ್ಲಿ ಎರಡು ಗಾಜಿನ ತೊಟ್ಟಿ. ಒಂದರಲ್ಲಿ ತಿಳಿನೀರು, ಇನ್ನೊಂದರಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಿಂದ ತಂದ ನೀರು ಬೆರೆಸಿದ್ದು. ಬೆರೆಸಿದ್ದು ಎಷ್ಟೆಂದರೆ ಕಣ್ಣಿಗೆ ಕಾಣದಷ್ಟು, ಕೊಡಕ್ಕೊಂದು ಚಮಚ. ಎರಡರಲ್ಲೂ ಬೆರಳುದ್ದದ ಇಪ್ಪತ್ತಿಪ್ಪತ್ತು ಮೀನು, ಒಂದೇ ಕೆರೆಯವು, ಒಂದೇ ತಾಯ ಮಕ್ಕಳೆಂದರೂ ಸರಿ. ದಿನವೂ ಬೆಳಿಗ್ಗೆ ಒಂದು ಕಪ್ಪು ರಟ್ಟನ್ನು ತೊಟ್ಟಿಯ ಮೇಲೆ ಹದ್ದಿನ ನೆರಳಿನ ಹಾಗೆ ಹಾಯಿಸಬೇಕು. ಮೂರು ಎಣಿಸುವುದರೊಳಗೆ ಎಷ್ಟು ಮೀನು ಸರ್ರನೆ ತಳಕ್ಕೆ ಇಳಿದವು ಎಂದು ಬರೆಯಬೇಕು. ಪ್ರಾಣಭಯ ಇರುವ ಮೀನು ಇಳಿಯುತ್ತದೆ. ನೀರಿನಲ್ಲಿ ಬೆರೆತದ್ದು ಮೈಗೆ ಹತ್ತಿ ಮಂಕಾದ ಮೀನು ನೆರಳಿನ ಕೆಳಗೇ ಬಾಯಿ ತೆರೆದು ನಿಲ್ಲುತ್ತದೆ; ನದಿಯಲ್ಲಾದರೆ ಅದು ಯಾರದೋ ತುತ್ತು. ಎರಡು ತೊಟ್ಟಿಗಳ ಲೆಕ್ಕದಲ್ಲಿ ವ್ಯತ್ಯಾಸ ಕಂಡರೆ ಕಾರ್ಖಾನೆಯ ಕೊಳವೆಯನ್ನು ನದಿಗೆ ಬಿಡುವಂತಿಲ್ಲ. ಕಾಣದಿದ್ದರೆ ಬಿಡಬಹುದು. ಇಷ್ಟೇ ಪರೀಕ್ಷೆ. ಇದನ್ನು ಎಣಿಸುತ್ತಿದ್ದವಳು ಎಣಿಕೆಯಕ್ಕ. ಐವತ್ತು ದಾಟಿದ, ನೆಟ್ಟಗೆ ಕೂರುವ, ಎಣಿಸುವ ಮೊದಲು ಒಂದು ಗಳಿಗೆ ಕಣ್ಣು ಮುಚ್ಚುವ ಹೆಂಗಸು. "ಏನಕ್ಕಾ, ಮೀನಿಗೂ ಪ್ರಾರ್ಥನೇನಾ?" ಎಂದು ಕೇಳಿದರೆ, "ಮೀನಿಗಲ್ಲ ಮಾವ, ನನ್ ಕಣ್ಣಿಗೆ. ಇದ್ದದ್ದನ್ನ ಇದ್ದ ಹಾಗೆ ತೋರಿಸಪ್ಪ ಅಂತ" ಎನ್ನುತ್ತಿದ್ದಳು. ಅವಳ ಲೆಕ್ಕದಲ್ಲಿ ತಿಳಿನೀರಿನವು ಇಪ್ಪತ್ತಕ್ಕೆ ಹದಿನೆಂಟು, ಹತ್ತೊಂಬತ್ತು. ಬಣ್ಣದ ನೀರಿನವು ಎಂಟು, ಏಳು, ಒಂಬತ್ತು. ಆಮೇಲೆ ಅವಳು ಮಗಳ ಬಾಣಂತನಕ್ಕೆ ಒಂದು ವಾರ ರಜೆ ಹೋದಳು. ಎಣಿಕೆ ಮೀನುಮಾವನ ಪಾಲಿಗೆ ಬಂತು.

ಆ ವಾರದ ಮೊದಲ ದಿನವೇ ಅವನು ಆ ಕೆಲಸ ಮಾಡಿದ್ದು. ಬಣ್ಣದ ನೀರು ಮೇಲಿನ ಪೀಪಾಯಿಯಿಂದ ನಳಿಗೆಯಲ್ಲಿ ತಾನೇ ಇಳಿಯುತ್ತಿತ್ತು. ತಿಳಿನೀರನ್ನು ಮಾತ್ರ ಬಾಗಿಲ ಬಳಿಯ ನಲ್ಲಿಯಲ್ಲಿ ತುಂಬಿ, ಮೂರು ಮೆಟ್ಟಿಲು ಹತ್ತಿ, ಕಲ್ಲುಕಟ್ಟೆಯ ಮೇಲಿದ್ದ ತೊಟ್ಟಿಗೆ ಹೊಯ್ಯಬೇಕು. ದಿನಕ್ಕೆ ಹನ್ನೆರಡು ಕೊಡ. ಮಂಡಿ ಊದಿಕೊಂಡಿತ್ತು. ಮೀನುಗಳನ್ನು ಬಾನಿಗೆ ಬಿಟ್ಟು, ತೊಟ್ಟಿ ಬರಿದು ಮಾಡಿ, ಎಳೆದು ತಂದು ನಲ್ಲಿಯ ಪಕ್ಕದ ಗೋಡೆಗೆ ಬಿಗಿದಿದ್ದ ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿಬಿಟ್ಟ. ತೊಟ್ಟಿಯ ಜಾಗ ಬದಲಿಸಿದರೆ ರಿಜಿಸ್ಟರಿನಲ್ಲಿ ಬರೆಯಬೇಕೆಂಬ ನಿಯಮವಿತ್ತು. ಬರೆಯಲಿಲ್ಲ. ಬರೆದರೆ ಯಾಕೆ ಎನ್ನುತ್ತಾರೆ, ಮಂಡಿ ಎಂದರೆ ಮುದುಕನಾದೆ ಎನ್ನುತ್ತಾರೆ. ನೀರು ಅದೇ, ಮೀನು ಅದೇ, ಜಾಗದಲ್ಲೇನಿದೆ? ಎರಡನೆಯ ದಿನ ಎಣಿಸಿದಾಗ ತಿಳಿನೀರಿನವು ಒಂಬತ್ತು. ಮೂರನೆಯ ದಿನ ಎಂಟು. ಇದ್ದದ್ದನ್ನು ಇದ್ದ ಹಾಗೆ ಬರೆದ. ವಾರದ ಕೊನೆಗೆ ಡಾಕ್ಟರಮ್ಮ ಮೇಲಿನಿಂದ ಇಳಿದು ಬಂದಳು. ಅವಳು ಸೂಜಿ ಹಾಕುವ ಡಾಕ್ಟರಲ್ಲ, ಮೀನಿನ ಬಗ್ಗೆ ದೊಡ್ಡ ಓದು ಓದಿದವಳು. ತೊಟ್ಟಿಮನೆಗೆ ಬರುವುದು ಅಪರೂಪ, ಬಂದರೂ ಅವಳ ಕಣ್ಣು ಮೀನಿನ ಮೇಲೆ, ತೊಟ್ಟಿಯ ಕಾಲಿನ ಮೇಲಲ್ಲ. ತಾನೇ ರಟ್ಟು ಹಿಡಿದು ಎಣಿಸಿದಳು. ಒಂಬತ್ತು. "ಅದೇ ನೀರು, ಅದೇ ಮೀನು. ಆ ಹೆಂಗಸು ಎಣಿಸಿದ್ರೆ ಹತ್ತೊಂಬತ್ತು, ನೀವು ಎಣಿಸಿದ್ರೂ ಒಂಬತ್ತು, ನಾನು ಎಣಿಸಿದ್ರೂ ಒಂಬತ್ತು. ತಿಳಿನೀರು ಅಂದ್ರೆ ಹೀಗೇ ಇರ್ಬೇಕು ಅಂತ ಕೂತಲ್ಲೇ ಬರೆದಿದಾಳೆ." ರಜೆಯಿಂದ ಬಂದ ಅಕ್ಕನನ್ನು ಕರೆಸಿ ಸುಳ್ಳುಗಾರ್ತಿ ಎಂದಳು, ಅವಳ ಲೆಕ್ಕಕ್ಕೆಲ್ಲ ಕೆಂಪು ಗೀಟು ಬಿತ್ತು, ಸೀಸೆ ತೊಳೆಯುವ ಕೋಣೆಗೆ ಅವಳನ್ನು ಹಾಕಿದರು.

ಅವತ್ತು ಅಕ್ಕ ತೊಟ್ಟಿಮನೆಯ ಬಾಗಿಲಲ್ಲಿ ನಿಂತು ನೋಡಿದ ನೋಟ ಅವನಿಗೆ ಈಗಲೂ ಬೆನ್ನಿನಲ್ಲಿ ತಾಗುತ್ತದೆ. "ಟ್ಯಾಂಕು ಇಲ್ಲಿಗೆ ಬಂದಿದೆಯಲ್ಲ ಮಾವ" ಎಂದಿದ್ದಳು. ಬೈಗುಳವಿರಲಿಲ್ಲ, ಬರೀ ನೋಡಿ ಹೇಳಿದ್ದು. "ಮಂಡಿ ಅಕ್ಕಾ... ಯಾರಿಗೂ ಹೇಳ್ಬೇಡಿ, ನಿಮ್ಮ ದಮ್ಮಯ್ಯ." ಅವಳು ಮೀನುಗಳ ಕಡೆ ನೋಡಿ, "ಆಯ್ತು" ಎಂದು ಹೋಗಿದ್ದಳು. ಹೇಳಲಿಲ್ಲ. ತೊಟ್ಟಿ ಸರಿಸಿ ಇವತ್ತಿಗೆ ಮೂವತ್ತೆರಡು ದಿನ. ತನ್ನನ್ನು ಸುಳ್ಳಿ ಎಂದ ದಿನವೂ, ಗುಮಾಸ್ತ ಅವಳ ಕಡೆ ನೋಡಿ ಬೆರಳು ಮಡಚಿ ಎಣಿಸುವಂತೆ ಅಣಕಿಸಿದ ದಿನವೂ ಹೇಳಲಿಲ್ಲ. ಜಾಗ ಬದಲಾದದ್ದಕ್ಕೂ ಮೀನು ಮಂಕಾದದ್ದಕ್ಕೂ ನಂಟಿದೆಯೆಂದು ಅವಳಿಗೆ ತೋಚದೆ ಇರಬಹುದು. ಕೊಟ್ಟ ಮಾತು ಎಂಬ ಕಾರಣವೊಂದೇ ಇರಬಹುದು. ಅವನಿಗೆ ಮಾತ್ರ ತೋಚುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ದಿನಕ್ಕೆ ಹತ್ತು ಸಲ ಆ ಚೌಕಟ್ಟನ್ನು ಮುಟ್ಟಿ ನೋಡುತ್ತಿದ್ದ. ಏನೂ ಸಿಗುತ್ತಿರಲಿಲ್ಲ. ಕಬ್ಬಿಣ ತಣ್ಣಗಿರುತ್ತಿತ್ತು, ಸ್ವಲ್ಪ ಜುಮು ಜುಮು ಎನ್ನುತ್ತಿತ್ತು. ವಯಸ್ಸಾದ ಕೈಯೇ ನಡುಗುತ್ತಿದೆ ಎಂದುಕೊಳ್ಳುತ್ತಿದ್ದ. ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಡಾಕ್ಟರಮ್ಮ ಎಲ್ಲರೆದುರು "ಮಾವನ ಲೆಕ್ಕ ಅಂದ್ರೆ ಲೆಕ್ಕ" ಎಂದಾಗ ಅವನ ಎದೆ ಒಂದು ಗೇಣು ಉಬ್ಬಿತ್ತು. ಇಪ್ಪತ್ತಾರು ವರ್ಷದಲ್ಲಿ ಅವನನ್ನು ಯಾರಾದರೂ ಹೊಗಳಿದ್ದು ಅದೊಂದೇ ಸಲ. ಆ ಹೊಗಳಿಕೆಯ ರುಚಿಯೇ ಈಗ ಊಟ ಇಳಿಯದಂತೆ ಮಾಡಿತ್ತು.

ಕಟ್ಟಡದಲ್ಲಿ ದೀಪವಿರಲಿಲ್ಲ, ಫ್ಯಾನಿರಲಿಲ್ಲ. ಗುಳ್ಳೆ ಬಿಡುವ ಪುಟ್ಟ ಪೆಟ್ಟಿಗೆಗಳು ಬ್ಯಾಟರಿಯವು, ಅವು ತಮ್ಮ ಪಾಡಿಗೆ ನಡೆಯುತ್ತಿದ್ದವು. ಕಿಟಕಿಯಿಂದ ಮಳೆ ತೊಳೆದ ಬೆಳಕು ಬಂದು ನೀರಿನಲ್ಲಿ ಕೂತಿತ್ತು. ಇದು ಕೊನೆಯ ಎಣಿಕೆ. ಹನ್ನೊಂದು ಗಂಟೆಗೆ ವರದಿ ಹೊತ್ತ ಜೀಪು ಹೊರಡುತ್ತದೆ. ಮೊದಲು ಕಟ್ಟೆಯ ಮೇಲಿನ ಬಣ್ಣದ ನೀರಿನ ತೊಟ್ಟಿ. ರಟ್ಟು ಹಾಯಿಸಿದ. ಎಂಟು ಇಳಿದವು, ಉಳಿದವು ನೆರಳಿನ ಕೆಳಗೆ ಕನಸು ಕಾಣುವವರಂತೆ ನಿಂತವು. ಬರೆದ. ಕೆಳಗಿಳಿದು ಬಂದು ತಿಳಿನೀರಿನ ತೊಟ್ಟಿಯ ಮೇಲೆ ರಟ್ಟು ಹಿಡಿದ. ಇನ್ನೂ ಅರ್ಧ ತೊಟ್ಟಿ ದಾಟಿರಲಿಲ್ಲ, ಒಂದು ಎನ್ನುವಷ್ಟರಲ್ಲಿ, ಯಾರೋ ಒಂದು ಹಿಡಿ ಬೆಳ್ಳಿಯನ್ನು ತಳಕ್ಕೆ ಎಸೆದಂತೆ ಮೀನೆಲ್ಲ ಮಾಯ! ಮೇಲೆ ಉಳಿದದ್ದು ಒಂದೇ ಒಂದು, ಹುಟ್ಟಾ ಸೋಮಾರಿ. ಅವನ ಕೈಯಿಂದ ರಟ್ಟು ಜಾರಿತು. ಎತ್ತಿಕೊಂಡು, ಒಂದಿಷ್ಟು ಹೊತ್ತು ಬಿಟ್ಟು ಮತ್ತೆ ಹಾಯಿಸಿದ. ಹತ್ತೊಂಬತ್ತು. ಮೂರನೆಯ ಸಲ. ಹತ್ತೊಂಬತ್ತು. ಮೂವತ್ತೆರಡು ದಿನ ಮಂಕು ಹಿಡಿದು ಮೂಲೆಯಲ್ಲಿ ಗುಂಪುಗೂಡಿ ನಿಂತಿದ್ದ ಮೀನುಗಳು ಇವತ್ತು ತೊಟ್ಟಿಯ ಉದ್ದಗಲ ಅಳೆಯುತ್ತಿದ್ದವು, ಒಂದರ ಬೆನ್ನು ಒಂದು ಹತ್ತುತ್ತಿದ್ದವು, ಗಾಜಿಗೆ ಮೂತಿ ಇಟ್ಟು ಅವನನ್ನೇ ನೋಡುತ್ತಿದ್ದವು. ಅವನ ಮೈ ಜುಮ್ಮೆಂದಿತು. ಸತ್ತವರ ಮನೆಗೆ ಹೋದಾಗ ಸತ್ತವನೇ ಬಾಗಿಲು ತೆಗೆದರೆ ಹೇಗೋ ಹಾಗೆ. "ಅಪ್ಪಾ, ಇದೇನಪ್ಪಾ" ಎಂದು ದೇವರನ್ನು ಕೇಳಿದನೋ ಮೀನನ್ನು ಕೇಳಿದನೋ, ತಿಳಿಯಲಿಲ್ಲ.

ಆಗ ಕರೆಂಟು ಬಂತು. ತಲೆಯ ಮೇಲೆ ದೀಪ ಮಿಟುಕಿ ಹತ್ತಿಕೊಂಡಿತು, ಫ್ಯಾನು ತಿರುಗಿತು. ಅವನಿಗೆ ಗೊತ್ತಾದದ್ದು ಅಷ್ಟೇ. ಮೀನುಗಳಿಗೆ ಗೊತ್ತಾದದ್ದು ಬೇರೆ. ಬಯಲಿನಲ್ಲಿ ಆಡುವವರ ನಡುವೆ ಸಿಡಿಲು ಬಿದ್ದಂತೆ ಎಲ್ಲವೂ ಒಮ್ಮೆಗೇ ಬೆದರಿ, ಗೋಡೆಯಿಂದ ದೂರದ ಮೂಲೆಗೆ ನುಗ್ಗಿ, ಒಂದರ ಮೈಯಲ್ಲಿ ಒಂದು ಅಡಗಿಕೊಂಡು, ಕಿವಿರು ಬಡಿಯುತ್ತ ನಿಂತವು. ನೀರಿನ ಮೇಲ್ಮೈಯಲ್ಲಿ ಕೂದಲೆಳೆಯಷ್ಟು ಸಣ್ಣ ಗೀರುಗಳು ನಡುಗುತ್ತಿದ್ದವು. ಅವನು ಚೌಕಟ್ಟನ್ನು ಮುಟ್ಟಿದ. ಜುಮು ಜುಮು. ಕೈಯಲ್ಲ, ಕೈ ನಡುಗುತ್ತಿರಲಿಲ್ಲ. ಏನಿದು? ಆಳ ಅಳೆಯುವ ಮರದ ಕೋಲು ಪಕ್ಕದಲ್ಲೇ ಒರಗಿತ್ತು. ಅದನ್ನು ಯಾಕೆ ಎತ್ತಿಕೊಂಡ ಎಂದು ಯಾರಾದರೂ ಕೇಳಿದ್ದರೆ ಹೇಳಲು ಅವನಿಗೆ ಬರುತ್ತಿರಲಿಲ್ಲ. ಕಣ್ಣ ಮುಂದೆ ಬಂದದ್ದು ಚಿಕ್ಕಂದಿನ ಒಂದು ದಿನ: ದೋಣಿಯ ಅಂಚಿನಲ್ಲಿ ಅಪ್ಪ ಕೂತಿದ್ದಾನೆ, ಹುಟ್ಟಿನ ಅಲಗು ನೀರಿನಲ್ಲಿ, ಹಿಡಿಕೆ ಹಲ್ಲಿನ ನಡುವೆ, ಕಣ್ಣು ಮುಚ್ಚಿದೆ. ಮೀನು ಎಲ್ಲಿದೆ ಎಂದು ಅಪ್ಪ ಹಾಗೆ ಕೇಳುತ್ತಿದ್ದ. "ಏನಪ್ಪಾ, ಹುಟ್ಟು ತಿಂತೀಯಾ?" ಎಂದು ಅವನು ನಕ್ಕರೆ, ಹಿಡಿಕೆ ಬಾಯಿಂದ ತೆಗೆದು, "ನೀರಿಗೆ ಬಾಯಿಲ್ಲ ಮಗಾ, ಅದಕ್ಕೇ ಸುಳ್ಳು ಹೇಳಲ್ಲ. ಕಿವಿ ಮಾತ್ರ ಮೈಯೆಲ್ಲ ಇದೆ ಅದಕ್ಕೆ. ಒಂದು ಕಡೆ ಕೇಳಿದ್ದನ್ನ ಹೊತ್ಕೊಂಡು ಹೋಗಿ ಇನ್ನೊಂದು ಕಡೆ ಮುಟ್ಟಿಸ್ತದೆ" ಎಂದಿದ್ದ. ಅದು ಕಿವಿ ಸೋರುವುದಕ್ಕಿಂತ ಮುಂಚಿನ ಮಾತು. ಆಮೇಲೆ ಅವನು ದೋಣಿ ಹತ್ತಿರಲಿಲ್ಲ. ಈಗ ಕೋಲಿನ ಒಂದು ತುದಿಯನ್ನು ತಿಳಿನೀರಿಗೆ ಇಳಿಸಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿದ.

ಶಬ್ದ ಬಂತು. ಕಿವಿಯಿಂದಲ್ಲ; ಹಲ್ಲಿನಿಂದ ದವಡೆಗೆ, ದವಡೆಯಿಂದ ತಲೆಬುರುಡೆಗೆ, ಐವತ್ತು ವರ್ಷದಿಂದ ಮುಂಬಾಗಿಲು ಜಡಿದಿದ್ದ ಮನೆಗೆ ಯಾರೋ ಹಿತ್ತಿಲಿನಿಂದ ನುಗ್ಗಿ ಬಂದಂತೆ. ಅವನು ಕೋಲು ಬಿಟ್ಟು ಹಿಂದಕ್ಕೆ ಹಾರಿದ. ಕೋಣೆ ಎಂದಿನಂತೆ ಸದ್ದಿಲ್ಲದೆ ಇತ್ತು. ಮತ್ತೆ ಕಚ್ಚಿದ. ಗುರ್ ಎಂಬ ಒಂದೇ ಸಮನಾದ ಮೊರೆತ, ನಡುನಡುವೆ ಕಲ್ಲು ಅರೆದಂತೆ, ಮತ್ತೆ ಗುರ್. ಗೋಡೆಯ ಆಚೆ ತಣ್ಣನೆಯ ಕೋಣೆ, ಮಾದರಿಗಳನ್ನು ಕೆಡದಂತೆ ಇಡುವುದು. ಅದರ ಕಂಪ್ರೆಸರ್ ಈ ಗೋಡೆಗೇ ಒರಗಿ ಕೂತಿತ್ತು. ಗೋಡೆಗೆ ಬಿಗಿದ ಕಬ್ಬಿಣ, ಕಬ್ಬಿಣದ ಮೇಲೆ ಗಾಜು, ಗಾಜಿನೊಳಗೆ ನೀರು, ನೀರಿನೊಳಗೆ ಅವು. ಕಣ್ಣು ಮುಚ್ಚಲು ರೆಪ್ಪೆಯಿಲ್ಲ, ಕಿವಿ ಮುಚ್ಚಲು ಕೈಯಿಲ್ಲ. ಒಮ್ಮೆ ಡಾಕ್ಟರಮ್ಮ ಸತ್ತ ಮೀನಿನ ತಲೆ ಸೀಳಿ, ಒಳಗಿನಿಂದ ಅಕ್ಕಿನುಚ್ಚಿನಷ್ಟು ಬಿಳಿಯ ಕಲ್ಲು ತೆಗೆದು ಮಸೂರದ ಕೆಳಗೆ ತೋರಿಸಿದ್ದಳು. ಅದು ಮೀನಿನ ಕಿವಿಯೊಳಗಿನ ಕಲ್ಲು. ಅದರ ಮೇಲೆ ದಿನಕ್ಕೊಂದರಂತೆ ಸುತ್ತು. ಹುಟ್ಟಿದ ದಿನದಿಂದ ಸಾಯುವ ದಿನದವರೆಗೆ ಒಂದು ದಿನವನ್ನೂ ಬಿಡದೆ ಬರೆದಿಟ್ಟವನು ಯಾರು ಎಂದು ಅವನು ಅವತ್ತು ಬೆರಗಾಗಿ ನಿಂತಿದ್ದ. ಈ ಇಪ್ಪತ್ತು ಮೀನುಗಳ ಆ ಕಲ್ಲಿನಲ್ಲಿ ಈ ಮೂವತ್ತೆರಡು ಸುತ್ತುಗಳೂ ಇವೆ. ತಾನು ರಿಜಿಸ್ಟರಿನಲ್ಲಿ ಬರೆಯದೆ ಬಿಟ್ಟದ್ದು ಅಲ್ಲಿ ಬರೆದಾಗಿದೆ.

ಓಡಿದ. ಮಂಡಿ ಏನೆಂದಿತೋ ಕೇಳಲಿಲ್ಲ. ತಣ್ಣನೆಯ ಕೋಣೆಯ ಸ್ವಿಚ್ಚು ಆರಿಸಿ ಬಂದು, ತೊಟ್ಟಿಯ ಮುಂದೆ ಮಂಡಿಯೂರಿ, ಕೋಲು ಕಚ್ಚಿದ. ಮೊದಲು ಏನೂ ಇಲ್ಲ. ಇಷ್ಟು ನಿಚ್ಚಳವಾದ ಏನೂ ಇಲ್ಲದಿರುವಿಕೆಯನ್ನು ಅವನು ಕೇಳಿಯೇ ಇರಲಿಲ್ಲ. ಅವನ ಕಿವುಡು ಯಾವಾಗಲೂ ಗೊಜಗೊಜ ಎನ್ನುವ ಕಿವುಡು. ಆಮೇಲೆ ಗುಳ್ಳೆಗಳು, ಸಣ್ಣ ಗೆಜ್ಜೆ. ಆಮೇಲೆ ಟಕ್. ಮತ್ತೊಂದು ಟಕ್. ಒಂದು ಮೀನು ಮೂಲೆ ಬಿಟ್ಟು ಬಂದು ಗಾಜಿಗಂಟಿದ ಪಾಚಿಯನ್ನು ಕಚ್ಚಿ ಎಳೆಯಿತು, ಆ ಎಳೆತದ ಸದ್ದು ಅವನ ದವಡೆಯೊಳಗೆ ಆಯಿತು. ಇನ್ನೊಂದು ಬಂತು. ಅದು ಹೊಟ್ಟೆಯೊಳಗಿನಿಂದ ಗುರುಕ್ ಎಂದು ಏನೋ ಹೇಳಿತು, ಮೊದಲನೆಯದು ಪಕ್ಕಕ್ಕೆ ಸರಿದು ಜಾಗ ಬಿಟ್ಟಿತು. ಮಾತು! ಇಪ್ಪತ್ತಾರು ವರ್ಷ ಮೂಕ ಜೀವಗಳೆಂದು ಇವುಗಳ ನಡುವೆ ಹಾಯಾಗಿದ್ದನಲ್ಲ, ಇವು ಮೂಕವಲ್ಲ. ಇವು ಬೆಳಗಿನಿಂದ ಸಂಜೆಯವರೆಗೆ ಜಗಳವಾಡುತ್ತವೆ, ಕರೆಯುತ್ತವೆ, ಜಾಗ ಬಿಡು ಎನ್ನುತ್ತವೆ. ಒಂದು ಸಂತೆಯೇ ಗಾಜಿನ ಆ ಕಡೆ ನಡೆದಿದೆ. ಅವನ ಕಣ್ಣಿನಿಂದ ನೀರು ಇಳಿದು ಕೋಲಿನ ಮೇಲೆ ಬಿತ್ತು. ಎದ್ದು, ಮೆಟ್ಟಿಲು ಹತ್ತಿ, ಬಣ್ಣದ ನೀರಿನ ತೊಟ್ಟಿಗೆ ಕೋಲು ಇಳಿಸಿದ. ಗುಳ್ಳೆಗಳ ಗೆಜ್ಜೆ ಇತ್ತು. ಕಾದ. ಗೆಜ್ಜೆಯೊಂದೇ. ಇಪ್ಪತ್ತು ಮೀನು ಅಲ್ಲಿ ತೇಲುತ್ತಿದ್ದವು, ಒಂದು ಗಾಜಿಗೆ ಮೆಲ್ಲನೆ ಡಿಕ್ಕಿ ಹೊಡೆಯಿತು, ಹೊಡೆದದ್ದು ಆ ಮೀನಿಗೇ ತಿಳಿಯಲಿಲ್ಲ. ಎಷ್ಟು ಹೊತ್ತು ಕಾದರೂ ಯಾರೂ ಯಾರಿಗೂ ಏನೂ ಹೇಳಲಿಲ್ಲ. ಮನೆ ಇದೆ, ದೀಪ ಇದೆ, ಒಳಗೆ ಜನವೂ ಇದ್ದಾರೆ. ಕೂಗಿದರೆ ಓ ಎನ್ನುವವರಿಲ್ಲ. ಕೊಡಕ್ಕೊಂದು ಚಮಚ.

"ಏನು ಮಾವ, ಕರೆಂಟ್ ಬಂದ್ರೂ ಕೋಲ್ಡ್ ರೂಮಿನ ಮೆಷಿನ್ ನಿಂತಿದೆಯಲ್ಲ?" ಡಾಕ್ಟರಮ್ಮ ಬಾಗಿಲಲ್ಲಿ ನಿಂತಿದ್ದಳು, ಕಂಕುಳಲ್ಲಿ ವರದಿಯ ಫೈಲು, ಹಿಂದೆ ಗುಮಾಸ್ತ. ಅವನು ಅವಳ ತುಟಿಯನ್ನೇ ನೋಡುತ್ತ ಮೆಟ್ಟಿಲಿಳಿದ.

"ನಾನೇ ನಿಲ್ಲಿಸ್ದೆ."

"ಯಾಕೆ? ಮಾದರಿ ಎಲ್ಲ ಕೆಡಲಿ ಅಂತಾನಾ?"

"ಮೀನಿಗೆ ಗದ್ದಲ ಆಗ್ತಿತ್ತು."

ಗುಮಾಸ್ತ ಕಿಸಕ್ಕನೆ ನಕ್ಕ. "ಮೀನಿಗೆ ಗದ್ದಲ ಆಯ್ತಂತೆ ಮೇಡಂ, ಮಾವನ ಹತ್ರ ಬಂದು ದೂರು ಕೊಟ್ಟಿರ್ಬೇಕು!" ಡಾಕ್ಟರಮ್ಮನಿಗೂ ನಗು ಬಂತು, ತಡೆದುಕೊಂಡಳು. "ಆ ಮೆಷಿನ್ ಸದ್ದು ನಿಮಗೆ ಕೇಳ್ಸತ್ತಾ?"

ನಗಬಹುದಿತ್ತು. ಬಾಯಿ ಅದಕ್ಕೆ ತಯಾರಾಗಿ ಆಗಲೇ ಅರ್ಧ ತೆರೆದಿತ್ತು. "ಇಲ್ಲ" ಎಂದ. "ನಂಗೆ ಕೇಳ್ಸಲ್ಲ. ಗುಡುಗೂ ಕೇಳ್ಸಲ್ಲ. ಎಂಟು ವರ್ಷದವನಿದ್ದಾಗಿಂದ ಕೇಳ್ಸಲ್ಲ. ಹಾಗಾಗೇ ಈ ತಪ್ಪು ಆಗಿದ್ದು. ಅಕ್ಕ ಬರೆದಿದ್ದೂ ನಿಜ, ನಾನು ಬರೆದಿದ್ದೂ ನಿಜ. ತೊಟ್ಟಿ ಮಾತ್ರ ಒಂದೇ ಕಡೆ ಇರ್ಲಿಲ್ಲ ಮೇಡಂ." ಗುಮಾಸ್ತನ ನಗು ಅಲ್ಲೇ ನಿಂತಿತು. ಮೀನುಮಾವ ರಟ್ಟನ್ನು ಎತ್ತಿ ಡಾಕ್ಟರಮ್ಮನ ಕೈಗೆ ಕೊಟ್ಟ. "ನೀವೇ ಎಣಿಸಿ."

ಅವಳು ಎಣಿಸಿದಳು. ಹತ್ತೊಂಬತ್ತು. ಹುಬ್ಬು ಗಂಟಿಕ್ಕಿ ಮತ್ತೆ ಎಣಿಸಿದಳು. ಗುಮಾಸ್ತನನ್ನು ಕಳಿಸಿ ಯಂತ್ರ ಹಚ್ಚಿಸಿದರು. ಮೀನು ಬೆದರಿ ಮೂಲೆ ಸೇರಿದವು. ಸ್ವಲ್ಪ ಹೊತ್ತು ಬಿಟ್ಟು ಎಣಿಸಿದರೆ ಹತ್ತು. "ಇದನ್ನ ಕಚ್ಚಿ" ಎಂದು ಅವನು ಕೋಲಿನ ತುದಿ ಒರೆಸಿ ಚಾಚಿದ. ದೊಡ್ಡ ಓದು ಓದಿದವಳು, ಕನ್ನಡಕ ಹಣೆಗೇರಿಸಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕ್ಷಣ ಅವನ ಮುಖ ನೋಡಿ, ಕಚ್ಚಿದಳು. ಅವಳ ಮುಖದಲ್ಲಿ ಓದೆಲ್ಲ ಕರಗಿ ಬರೀ ಮುಖ ಉಳಿದದ್ದನ್ನು ಅವನು ಕಂಡ. ಯಂತ್ರ ನಿಲ್ಲಿಸಿದರು. ಅವಳು ಕೋಲು ಬಿಡಲಿಲ್ಲ. ಬಹಳ ಹೊತ್ತು, ಜೀಪಿನವನು ಎರಡು ಸಲ ಇಣುಕಿ ಹೋಗುವಷ್ಟು ಹೊತ್ತು, ಹಾಗೇ ಇದ್ದಳು. ಆಮೇಲೆ ಮೆಟ್ಟಿಲ ಮೇಲೆ ಕೂತಳು.

"ಮಾತಾಡ್ತಿವೆ" ಎಂದಳು. ಪುಸ್ತಕದಲ್ಲಿ ನೂರು ಸಲ ಓದಿದ್ದನ್ನು ಮೊದಲ ಸಲ ಕೇಳಿದವಳ ದನಿ ಇರಬೇಕು. ಅವನಿಗೆ ತುಟಿ ಮಾತ್ರ ಕಂಡಿತು. "ಆ ಕಡೆ?"

"ಆ ಕಡೆ ಇಲ್ಲ."

ಅವಳು ಮೇಲಿನ ತೊಟ್ಟಿಯ ಕಡೆ ತಲೆ ಎತ್ತಿದಳು, ಹೋಗಲಿಲ್ಲ. "ಯಾವತ್ತು ಸರಿಸಿದ್ದು?"

"ಅಕ್ಕ ರಜೆ ಹೋದ ಮೊದಲನೇ ದಿನ. ಮಂಡಿ ನೋವಿತ್ತು. ರಿಜಿಸ್ಟರಲ್ಲಿ ಬರೀಲಿಲ್ಲ."

"ಆ ಹೆಂಗಸು ನೋಡಿರ್ತಾಳಲ್ಲ. ನನಗೆ ಒಂದು ಮಾತು ಹೇಳ್ಬಹುದಿತ್ತು."

"ಹೇಳ್ಬೇಡಿ ಅಂತ ನಾನೇ ಕಾಲು ಹಿಡ್ಕೊಂಡಿದ್ದೆ."

ಡಾಕ್ಟರಮ್ಮ ಕಣ್ಣು ಮುಚ್ಚಿದಳು. "ಈ ಕಾಗದ ಇವತ್ತು ಹೋಗಿದ್ರೆ ಕೊಳವೆ ನದಿಗೆ ಬಿಡ್ತಿದ್ರು ಮಾವ. ಏನು ಮಾಡಿದೀರಿ ಅಂತ ಗೊತ್ತಾ ನಿಮಗೆ?"

"ಗೊತ್ತು."

"ನಾನೇನು ಮಾಡ್ದೆ ಅಂತಾನೂ ಗೊತ್ತಾಯ್ತು ಬಿಡಿ." ಫೈಲನ್ನು ಮಡಿಲಲ್ಲಿ ಮಗುಚಿ ಹಾಕಿಕೊಂಡಳು. "ಕಾಲಿನ ಕಡೆ ನೋಡ್ಲೇ ಇಲ್ಲ ನಾನು. ಎರಡು ಸಲ ಇಲ್ಲಿ ನಿಂತು ಎಣಿಸಿದೀನಿ. ಗುರ್ ಅನ್ನೋದು ನನ್ ಕಿವಿಗೆ ಕೇಳಿಸ್ತಿತ್ತು. ಕೇಳಿಸ್ತಿತ್ತು, ಮಾವ! ಕೇಳಿಸಿದ್ದು ತಲೆಗೆ ಹೋಗ್ಲಿಲ್ಲ." ಗುಮಾಸ್ತನಿಗೆ, "ಜೀಪಿನವನಿಗೆ ಹೇಳಿ, ಇವತ್ತು ಹೋಗೋದೇನೂ ಇಲ್ಲ ಅಂತ" ಎಂದಳು. ಆಮೇಲೆ ಇವನ ಕಡೆ ತಿರುಗಿ, ಅವನು ಓದಿಕೊಳ್ಳಲಿ ಎಂದು ಬಿಡಿಸಿ ಬಿಡಿಸಿ ಹೇಳಿದಳು: "ನಡೆದಿದ್ದೆಲ್ಲ ರಿಜಿಸ್ಟರಲ್ಲಿ ಬರೀರಿ. ನಿಮ್ಮ ಕೈಯಲ್ಲೇ. ಮೇಲಿನವರು ನಿಮಗೇನು ಮಾಡ್ತಾರೋ, ನಂಗೇನು ಮಾಡ್ತಾರೋ, ನೋಡೋಣ."

ಬರೆದ. ಅಕ್ಷರ ದಪ್ಪ ದಪ್ಪವಾಗಿ, ಒತ್ತು ಎಲ್ಲೋ ದೀರ್ಘ ಎಲ್ಲೋ ಬಿದ್ದು, ಅರ್ಧ ಪುಟವಾಯಿತು. ಮಂಡಿ ಎಂದೂ ಬರೆದ, ಕಿವುಡು ಎಂದೂ ಬರೆದ, ಅಕ್ಕನ ಲೆಕ್ಕ ಸರಿ ಎಂದು ಬರೆದು ಅದರ ಕೆಳಗೆ ಗೀಟು ಎಳೆದ. ಎದ್ದಾಗ ಮೈ ಹಗುರಾಗಿತ್ತು, ಜ್ವರ ಬಿಟ್ಟ ಮೈಯ ಹಾಗೆ. ಕೆಲಸ ಹೋಗಬಹುದು. ಹೋದರೆ ಹೆಂಡತಿಗೆ ಹೇಗೆ ಹೇಳುವುದೆಂದು ಯೋಚಿಸಲು ಹೊರಟರೆ ಮನಸ್ಸು ಅತ್ತ ಹೋಗಲೊಲ್ಲದು. ದವಡೆಯೊಳಗೆ ಆ ಗುರುಕ್ ಎಂಬ ಸದ್ದು ಇನ್ನೂ ಕೂತಿತ್ತು. ಓಣಿಯಲ್ಲಿ ನಡೆಯುತ್ತ ಗೋಡೆಯನ್ನು ಮುಟ್ಟಿದ, ಕಿಟಕಿಯ ಸರಳನ್ನು ಮುಟ್ಟಿದ. ಎಲ್ಲದರಲ್ಲೂ ಯಾವುದೋ ಒಂದು ನಡುಕ ಹರಿಯುತ್ತಿತ್ತು, ಎಲ್ಲಿಂದಲೋ ಹೊತ್ತು ಎಲ್ಲಿಗೋ ಮುಟ್ಟಿಸುತ್ತಿತ್ತು. ಇಷ್ಟು ವರ್ಷ ಈ ಲೋಕ ತನಗೆ ಮುಚ್ಚಿದೆ ಎಂದುಕೊಂಡಿದ್ದನಲ್ಲ.

ಸೀಸೆ ತೊಳೆಯುವ ಕೋಣೆಯಲ್ಲಿ ಎಣಿಕೆಯಕ್ಕ ಸ್ಟೂಲಿನ ಮೇಲೆ ನೆಟ್ಟಗೆ ಕೂತು ಉದ್ದ ಬ್ರಷ್ಷಿನಿಂದ ಸೀಸೆಗಳ ಒಳಮೈ ಉಜ್ಜುತ್ತಿದ್ದಳು. ತೊಳೆದವನ್ನು ಹತ್ತು ಹತ್ತರ ಸಾಲಿನಲ್ಲಿ ಬೋರಲು ಜೋಡಿಸಿದ್ದಳು. ಅವನು ಬಾಗಿಲಲ್ಲಿ ನಿಂತ. ಜೇಬಿನಿಂದ ಗೊಂಚಲು ತೆಗೆದ. ತೊಟ್ಟಿಮನೆಯ ಬೀಗದಕೈ ಹಿತ್ತಾಳೆಯದು, ಹಳೆಯದು, ಉಂಗುರದಿಂದ ಸುಲಭಕ್ಕೆ ಬಿಡದು. ಉಗುರು ಸಿಕ್ಕಿಸಿ, ತಿರುವಿ ಬಿಡಿಸಬೇಕಾಯಿತು. ಅದನ್ನು ನೀರಿನ ಕಟ್ಟೆಯ ಅಂಚಿನಲ್ಲಿ, ಅವಳ ಮೊಣಕೈಯ ಪಕ್ಕ, ಒಣಗಿದ ಜಾಗ ನೋಡಿ ಇಟ್ಟ. ಅವಳು ಉಜ್ಜುವುದನ್ನು ನಿಲ್ಲಿಸಿದಳು.

"ಬರೆದೆ ಅಕ್ಕಾ. ಎಲ್ಲಾನೂ" ಎಂದ. "ಮೇಡಂ ಓದಿದ್ರು. ನಿಮ್ ಹತ್ರ ಬರ್ತಾರೆ. ಅವರಿಗಿಂತ ಮುಂಚೆ ನಾನು ಬರ್ಬೇಕಿತ್ತು."

ಅವಳು ಅವನನ್ನು ನೋಡಿದಳು, ತೊಟ್ಟಿಯಲ್ಲಿ ಮೂರು ಎಣಿಸುವಾಗ ನೋಡುವಂತೆ, ಇದ್ದದ್ದನ್ನು ಇದ್ದ ಹಾಗೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮೊದಲು ಅಂಗೈ, ಆಮೇಲೆ ಬೆರಳು ಒಂದೊಂದಾಗಿ.

"ಮಳೆಗೆ ಬಾಗಿಲು ಉಬ್ಬಿದೆ" ಎಂದ ಅವನು, ಏನಾದರೂ ಹೇಳಬೇಕಲ್ಲ ಎಂದು. "ಸ್ವಲ್ಪ ಮೇಲಕ್ಕೆತ್ತಿ ತಿರುಗಿಸ್ಬೇಕು."

"ಗೊತ್ತು ಮಾವ. ಹನ್ನೊಂದು ವರ್ಷ ತೆಗೆದಿದೀನಿ" ಎಂದು ಅವಳು ಬೀಗದಕೈಯನ್ನು ತೆಗೆದುಕೊಂಡಳು.